ನಾಮದೇವ ಕೂಡಿಸಿಕೊಟ್ಟ ಗ್ಯಾಸ್ ಒಲೆ

೧೧ ಜನವರಿ ೧೯೮೯, ಬುಧವಾರ

ಕೊನೆಗೂ ನನ್ನ ಹೆಸರಿಗೆ ಗ್ಯಾಸು ಬಂತು. ಅಥಣಿಯ ಏಜೆನ್ಸಿಯಿಂದ ಬಂದ ಕಾರ್ಡನ್ನು ಪೋಸ್ಟ್‌ಮನ್ ಡೇರಿಯಲ್ಲಿ ಎಲ್ಲರ ಮುಂದೆ ಓದಿ ಹೇಳಿದ. ಹಾಲು ಹಾಕಲು ಬಂದವರೆಲ್ಲ ಕ್ಯಾನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಏನೂ ಆಗದವನ ಹಾಗೆ ಹಾಲಿನ ಡಿಗ್ರಿ ನೋಡುತ್ತ ಕೂತೆ. ಒಳಗೊಳಗೆ ಮಾತ್ರ ಹಿಗ್ಗಿ ಹೀರೇಕಾಯಿ ಆಗಿದ್ದೆ.

ಶಿರಗುಪ್ಪಿಯಲ್ಲಿ ಗ್ಯಾಸ್ ಇರುವುದು ಇಬ್ಬರ ಮನೆಯಲ್ಲಿ. ಒಬ್ಬರು ಡಾಕ್ಟರು, ಇನ್ನೊಬ್ಬರು ನಮ್ಮ ಡೇರಿಯ ಚೇರ್ಮನ್ ದಾದಾಸಾಹೇಬರು. ಇನ್ನು ಮೂರನೆಯದು ಕುರಿ ಕಾಯುವವನ ಮಗ, ಡೇರಿ ಸೆಕ್ರೆಟರಿ ಜಕ್ಕಪ್ಪನ ಮನೆಯಲ್ಲಿ. ಕುರಿಯ ಹಿಂದೆ ತಿರುಗಿ, ಮೂರು ಕಲ್ಲಿಟ್ಟು ರೊಟ್ಟಿ ಬಡಿದು ತಿಂದ ನಮ್ಮಪ್ಪ ಇದ್ದಿದ್ದರೆ ನಂಬುತ್ತಿರಲಿಲ್ಲ.

ಮನೆಯಲ್ಲಿ ಹೇಳಿದರೆ ಅವ್ವ, "ಅದೇನ್ ಬಾಂಬ್ ತಂದ್ ಅಡಗಿಮನ್ಯಾಗ ಇಡಾಂವ?" ಅಂದಳು. ಮಲಕವ್ವ ಒಲೆಯ ಮುಂದೆ ಕೂತು ಕಬ್ಬಿನ ರವದಿ ತುರುಕುತ್ತಿದ್ದಳು. ಒಣ ಗರಿ ಭರ್ರೆಂದು ಹತ್ತಿ ಭರ್ರೆಂದು ಆರುತ್ತದೆ, ಉಳಿದದ್ದೆಲ್ಲ ಹೊಗೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಖರೇನ ಹೊಗಿ ಬರೂದುಲ್ಲೇನ್ರಿ? ಒಂಚೂರೂ?" ಎಂದು ಕೇಳಿದಳು. ಮದುವೆಯಾದ ಮೂರು ವರ್ಷದಲ್ಲಿ ಅವಳು ಇಷ್ಟು ಖುಷಿಯಿಂದ ಏನನ್ನೂ ಕೇಳಿರಲಿಲ್ಲ.

೧೯ ಜನವರಿ, ಗುರುವಾರ

ಸಿಲಿಂಡರು, ಒಲೆ ಎರಡೂ ಡೇರಿಯ ಟೆಂಪೋದಲ್ಲಿ ಬಂದಿವೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ. ಏಜೆನ್ಸಿಯ ಮೆಕ್ಯಾನಿಕ್ ಅಥಣಿ ಪಟ್ಟಣ ಬಿಟ್ಟು ಹೊರಗೆ ಬರುವುದಿಲ್ಲವಂತೆ. ನೀವೇ ತಿಳಿದವರನ್ನು ಹಿಡಿದು ಕೂಡಿಸಿಕೊಳ್ಳಿ ಅಂದರು.

ದಾದಾಸಾಹೇಬರು ಉಗಾರ ಖುರ್ದದ ನಾಮದೇವನ ಹೆಸರು ಹೇಳಿದರು. ಫ್ಯಾಕ್ಟರಿ ಕ್ವಾರ್ಟರ್ಸಿನ ಎಲ್ಲ ಸಾಹೇಬರ ಮನೆಗೂ ಗ್ಯಾಸು ಕೂಡಿಸುವವನು ಅವನೇ. ಅವರ ಮನೆಗೂ ಅವನೇ ಬಂದಿದ್ದನಂತೆ. "ಹುಡುಗ ಹುಷಾರ್ ಅದಾನ. ಬಾಯಿ ಒಂಚೂರ್ ಜಾಸ್ತಿ," ಅಂದರು.

ಅವ್ವ ಕೇಳಿದ್ದು ಒಂದೇ ಮಾತು. "ಯಾರ ಪೈಕಿ?"

ಬೌದ್ಧರು ಎಂದೆ. ಅವಳಿಗೆ ಅದು ತಿಳಿಯಲಿಲ್ಲ. ಹಳೆಯ ಹೆಸರು ಹೇಳಿದ ಮೇಲೆ ತಿಳಿಯಿತು. ಅಡುಗೆಮನೆಯಲ್ಲೇ ನಮ್ಮ ದೇವರ ಜಗುಲಿ ಇದೆ, ಮಲಕಾರಿಸಿದ್ಧನ ಅರಿಶಿಣದ ಭಂಡಾರ ಇದೆ, ಅಲ್ಲಿಗೆ ಅವನನ್ನು ಹೇಗೆ ಬಿಡುತ್ತೀ ಎಂದು ಸಂಜೆಯ ತನಕ ಗೊಣಗಿದಳು.

ಮಲಕವ್ವ ಹಿಟ್ಟು ಜರಡಿ ಹಿಡಿಯುತ್ತ, "ಅತ್ತಿ, ಅವರ ಮಂದಿ ಎಮ್ಮಿ ಹಾಲೂ ಡೇರಿಗಿ ಬರತೈತಿ, ನಮ್ಮದೂ ಹೋಗತೈತಿ. ಒಂದ ಕ್ಯಾನಿನ್ಯಾಗ ಸುರಿಯಾಂವ ನಿಮ್ಮ ಮಗನ," ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಅವ್ವ ಮಾತ್ರ ಆ ಮಾತನ್ನು ಕಿವಿಯಲ್ಲಿ ಹಾಕಿಕೊಳ್ಳಲೇ ಇಲ್ಲ. ಈ ಹೆಂಗಸಿನ ನಾಲಿಗೆ ಒಮ್ಮೊಮ್ಮೆ ಬಲು ಚೂಪು.

೨೭ ಜನವರಿ, ಶುಕ್ರವಾರ

ನಾಮದೇವ ಬಂದು ಹೋದ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಪ್ಯಾಂಟು, ಸೈಕಲ್ಲಿಗೆ ಕಟ್ಟಿದ ಕ್ಯಾನ್ವಾಸ್ ಚೀಲ. ಹಿತ್ತಿಲ ಬಾಗಿಲಿನಿಂದ ಬಾ ಎಂದು ಹೇಳಿ ಕಳಿಸಿದ್ದೆ. ಅವ್ವ ಅಷ್ಟರೊಳಗೆ ದೇವರನ್ನೆಲ್ಲ ಬುಟ್ಟಿಗೆ ತುಂಬಿ ಪಡಸಾಲೆಗೆ ತಂದು ಮೇಲೆ ಕಂಬಳಿ ಹೊದೆಸಿದ್ದಳು. ಅವನು ಖಾಲಿ ಜಗುಲಿ ನೋಡಿದ, ಬುಟ್ಟಿಯನ್ನೂ ನೋಡಿದ. "ಆಯಿ, ನಾ ದೇವ್ರನ್ನ ಮುಟ್ಟಾಕ ಬಂದಿಲ್ಲ, ಗ್ಯಾಸ ಮುಟ್ಟಾಕ ಬಂದೀನಿ," ಅಂದ. ಅವ್ವ ಮೋರೆ ತಿರುಗಿಸಿದಳು.

ಬಾಯಿ ಜಾಸ್ತಿ ಎಂದು ದಾದಾಸಾಹೇಬರು ಹೇಳಿದ್ದು ಸುಳ್ಳಲ್ಲ. ನಾನು ಕಟ್ಟಿಸಿದ ಕಟ್ಟೆ ಗಿಡ್ಡ ಆಯಿತು ಅಂದ. ಕಿಟಕಿ ಸಣ್ಣದು ಅಂದ. ಪೈಪು ಕತ್ತರಿಸಿ ಜೋಡಿಸಿ ತಿರುಪು ಬಿಗಿದು, ಮೇಲೆ ಸಾಬೂನಿನ ನೀರು ಸವರಿ ಕಾದು ಕೂತ. ಗುಳ್ಳೆ ಬಂದರೆ ಸೋರುತ್ತಿದೆ ಎಂದು ಅರ್ಥವಂತೆ. ಒಂದೂ ಬರಲಿಲ್ಲ. "ನೋಡ್ರಿ, ಕಣ್ಣಾರೆ ನೋಡ್ರಿ," ಎಂದು ನನ್ನನ್ನು ಬಗ್ಗಿಸಿ ತೋರಿಸಿದ.

ಆಮೇಲೆ ನನಗೆ, "ಸೆಕ್ರೆಟರಿ ಸಾಹೇಬ್ರ, ನೀವು ಹಿಂದ ಸರೀರಿ. ಅಡಗಿ ಮಾಡಾವ್ರು ಯಾರು, ಅವ್ರು ಮುಂದ ಬರ್ಲಿ," ಅಂದ. ನನ್ನ ಮನೆಯಲ್ಲಿ ನನಗೇ ಹಿಂದೆ ಸರಿ ಅನ್ನುವವನು. ಮಲಕವ್ವ ಬಂದು ನಿಂತಳು. ಬಟನ್ ಹೇಗೆ ತಿರುವುವುದು, ಕಡ್ಡಿ ಯಾವಾಗ ಗೀರುವುದು ಎಲ್ಲ ಹೇಳಿಕೊಟ್ಟ. ಕೊನೆಗೆ ಬಾಲವಾಡಿಯ ಮಕ್ಕಳಿಗೆ ಕೇಳುವಂತೆ, "ಏನರೆ ಉಕ್ಕಿ ಬೆಂಕಿ ಆರ್ತು ಅಂದ್ರ ಏನ್ ಮಾಡ್ತೀರಿ ಅಕ್ಕ?" ಎಂದು ಕೇಳಿದ.

"ಮೊದಲ ಬಟನ್ ಬಂದ್ ಮಾಡ್ತೀನಿ."

"ಆಮ್ಯಾಲ?"

"ಕಿಡಕಿ ತಗೀತೀನಿ. ದೀಪ ಗೀಪ ಇದ್ರ ಹೊರಗ ಒಯ್ತೀನಿ."

"ಯಾಕ?"

"ಬೆಂಕಿ ಆರಿದ್ರೂ ಗ್ಯಾಸ್ ಬರ್ತಿರತೈತಿ. ಕಣ್ಣಿಗಿ ಕಾಣೂದುಲ್ಲ. ನೆಲದ ಮ್ಯಾಲ ಕುಂದರತೈತಿ."

"ಶಾಬಾಸ್," ಅಂದ. ಅವಳ ಮುಖ ಅರಳಿತು. ಪರರ ಹೆಂಡತಿಗೆ ಶಾಬಾಸ್ ಹೇಳುವುದು ಯಾವ ಊರಿನ ರೀತಿ ಎಂದು ನನಗೆ ಸಿಟ್ಟು ಬಂತು.

ಹೊರಡುವಾಗ, "ಮೊದಲ ಸಲ ಹಚ್ಚೂವಾಗ ನಾ ಬಾಜೂಕ ಇರತೀನ್ರಿ. ಎಲ್ಲಾರ ಮನ್ಯಾಗೂ ಹಂಗ ಮಾಡ್ತೀನಿ. ಯಾವತ್ತ ಹಚ್ತೀರಿ?" ಅಂದ. ಹೇಳಿ ಕಳಿಸುತ್ತೇನೆ ಎಂದೆ. ಚಹ ಕುಡಿದು, ಲೋಟ ತಾನೇ ತೊಳೆದು ಹಿತ್ತಿಲ ಕಲ್ಲಿನ ಮೇಲೆ ಬೋರಲು ಹಾಕಿ ಹೋದ. ಅವ್ವ ಅಡುಗೆಮನೆಗೆಲ್ಲ ಗೋಮೂತ್ರ ಚಿಮುಕಿಸಿದಳು. ನನಗೆ ಕಸಿವಿಸಿಯಾಯಿತು, ಆದರೆ ಮುದುಕಿಯರನ್ನು ತಿದ್ದಲು ಬ್ರಹ್ಮನಿಂದಲೂ ಆಗದು.

೨೮ ಜನವರಿ, ಶನಿವಾರ

ನಾಳೆ ಮುಂಜಾನೆ ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವುದು. ಹೊಲೆ ಮೈಲಿಗೆ ಆದ ಅಡುಗೆಮನೆ ಅದರಿಂದ ಶುದ್ಧವಾಗುತ್ತದೆ ಎಂಬುದು ಅವ್ವನ ಲೆಕ್ಕ. ನಾಮದೇವ ಹಾಲಿನ ಟೆಂಪೋದವನ ಕೈಯಲ್ಲಿ ಕೇಳಿ ಕಳಿಸಿದ್ದ, ಎಷ್ಟು ಹೊತ್ತಿಗೆ ಬರಲಿ ಎಂದು. ಬೇಡ ಎಂದು ಹೇಳಿ ಕಳಿಸಿದೆ. ಪೂಜೆಯ ಹೊತ್ತಿನಲ್ಲಿ ಅವನು ಅಲ್ಲಿದ್ದರೆ ಅವ್ವ ಉಪವಾಸ ಬೀಳುತ್ತಾಳೆ. ಮಲಕವ್ವ, "ಬಂದ್ರ ಛಲೋ ಇತ್ತು," ಅಂದಳು. ಒಲೆ ಹಚ್ಚಲು ಏನು ಇಂಜಿನಿಯರ್ ಬೇಕೇ?

೩೦ ಜನವರಿ, ಸೋಮವಾರ. ಮಿರಜ

ಮಲಕವ್ವನಿಗೆ ಸುಟ್ಟಿದೆ. ಕುತ್ತಿಗೆಯಿಂದ ಕೆಳಗೆ, ಎರಡೂ ಕೈ. ಏನೂ ಹೇಳಲಾಗದು ಅಂದರು ಡಾಕ್ಟರು.

೧ ಫೆಬ್ರುವರಿ, ಬುಧವಾರ. ಮಿರಜ

ದವಾಖಾನೆಯ ಅಂಗಳದ ಬೇವಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಬಿಡುವುದಿಲ್ಲ. ಬರೆಯದಿದ್ದರೆ ತಲೆ ಒಡೆಯುತ್ತದೆ.

ಅವತ್ತು ಮುಂಜಾನೆ ಎಲ್ಲ ಚೆನ್ನಾಗಿಯೇ ಇತ್ತು. ಅವ್ವ ದೇವರನ್ನು ಜಗುಲಿಗೆ ಏರಿಸಿ, ಕೆಳಗೆ ನೆಲದ ಮೇಲೆ ಎಣ್ಣೆಯ ಸಮೆ ದೀಪ ಹಚ್ಚಿಟ್ಟಿದ್ದಳು. ಗಾಳಿಗೆ ಅದು ಆರಬಾರದೆಂದು ಕಿಟಕಿಗೆ ಕಂಬಳಿ ಸಿಕ್ಕಿಸಿದ್ದಳು. ಮಲಕವ್ವ ಹಸಿರು ನೈಲಾನ್ ಸೀರೆ ಉಟ್ಟು ಒಲೆ ಹಚ್ಚಿದಳು. ನೀಲಿ ಬೆಂಕಿ ನೋಡಿ ಅವ್ವ ಕೂಡ ಕೈ ಮುಗಿದಳು. ತುಂಬಿದ ಪಾತ್ರೆಯ ಹಾಲು ಉಕ್ಕಿ ಮೂಡಣ ದಿಕ್ಕಿಗೇ ಇಳಿಯಿತು. ನಾವೆಲ್ಲ ಭಂಡಾರ ಎರಚಿದೆವು. ಇಳಿದ ಹಾಲಿಗೆ ಬೆಂಕಿ ಚುಂಯ್ ಎಂದು ಆರಿತು.

ಮಲಕವ್ವ ಬಟನ್ನಿಗೆ ಕೈ ಹಾಕಿದಳು. ಅವ್ವ ಚೀರಿದಳು. "ಮುಟ್ಟಬ್ಯಾಡ ಬೇ! ಉಕ್ಕಿದ ಒಲಿ ದೇವ್ರಿಗಿ ಹಾಲ್ ಮುಟ್ಟೂ ತನಕ ಮುಟ್ಟಬಾರದು!" ಅದು ನಮ್ಮ ಮನೆತನದ ಪದ್ಧತಿ. ಹಾಲು ಉಕ್ಕಿದ ಮೇಲೆ ಎಲ್ಲರೂ ಹಟ್ಟಿಗೆ ಹೋಗಿ, ಕುರಿಗಳ ನಡುವೆ ಇರುವ ಮಲಕಾರಿಸಿದ್ಧನ ಕಲ್ಲಿಗೆ ಹಾಲೆರೆದು ಬರಬೇಕು. ಅಲ್ಲಿಯ ತನಕ ಒಲೆಗೆ ಕೈ ಹಚ್ಚುವಂತಿಲ್ಲ. ಮಲಕವ್ವ ಅಂದಳು, "ಅತ್ತಿ, ಗ್ಯಾಸ್ ಬರಾಕತ್ತೈತಿ, ಒಂದ್ ಸಲ ತಿರುವತೀನಿ, ಅಷ್ಟ." ಮತ್ತೆ ಕೈ ಚಾಚಿದಳು.

ಆಗ ಅವಳ ಮಣಿಕಟ್ಟು ಹಿಡಿದವನು ನಾನು. "ಅವ್ವ ಹೇಳಿದ್ದ ಕೇಳು. ಐದ್ ಮಿನಿಟಿನ್ಯಾಗ ಏನ್ ಆಕ್ಕೈತಿ," ಎಂದೆ. ಗಟ್ಟಿಯಾಗಿಯೇ ಹಿಡಿದಿದ್ದೆ. ಹಾಗೇ ಹಿಡಿದುಕೊಂಡು ಹಟ್ಟಿಗೆ ಕರೆದೊಯ್ದೆ.

ಹಾಲೆರೆದ ಮೇಲೆ ಅವಳೇ ಮೊದಲು ಓಡಿದಳು. ಆ ಬಟನ್ ಬಂದ್ ಮಾಡಲಿಕ್ಕೇ ಓಡಿದಳು. ನಾವು ಅಂಗಳ ದಾಟುವಷ್ಟರಲ್ಲಿ ಢಬ್ ಎಂದು ಸದ್ದಾಯಿತು. ಕಿಟಕಿಯ ಕಂಬಳಿ ಅಂಗಳಕ್ಕೆ ಬಂದು ಬಿತ್ತು. ಆಮೇಲೆ ಅವಳು ಹೊರಗೆ ಬಂದಳು. ಅದನ್ನು ಬರೆಯಲಾರೆ.

ದೇವರೇ, ನನ್ನ ಕೈ ಕಡಿದು ಹಾಕು, ಅವಳನ್ನು ಉಳಿಸು.

೩ ಫೆಬ್ರುವರಿ, ಶುಕ್ರವಾರ

ಬುತ್ತಿ ಕಟ್ಟಿಸಿಕೊಂಡು ಹೋಗಲು ಊರಿಗೆ ಬಂದಿದ್ದೆ. ನಾಮದೇವ ಬಾಗಿಲಲ್ಲಿ ನಿಂತಿದ್ದ, ಸುದ್ದಿ ತಿಳಿದು ಬಂದಿದ್ದಾನೆ. ಇವತ್ತು ಅವನ ಬಾಯಿ ಬಿದ್ದುಹೋಗಿತ್ತು. ಒಳಗೆ ಹೋಗಿ ನೋಡಲೇ ಎಂದು ಕೇಳಿದ. ಅವ್ವ ಹೊದ್ದು ಮಲಗಿದ್ದಳು, ಬೇಡ ಅನ್ನುವ ತ್ರಾಣವೂ ಅವಳಿಗಿರಲಿಲ್ಲ.

ಸಿಲಿಂಡರ್ ಸಿಡಿದಿರಲಿಲ್ಲ. ಅವತ್ತೇ ನಮ್ಮ ಆಳು ಮಗ ಅದರ ತಲೆ ತಿರುಗಿಸಿ ಹೊರಗೆ ಉರುಳಿಸಿದ್ದ. ಪೈಪು ಒಂದು ಕಡೆ ಕರಿದಾಗಿತ್ತು, ಆದರೆ ತಿರುಪು ಎರಡೂ ಕಡೆ ಬಿಗಿಯಾಗಿಯೇ ಇದ್ದವು. ನಾಮದೇವ ಎಳೆದು ನೋಡಿದ, ನನ್ನ ಕೈಯಿಂದಲೂ ಎಳೆಸಿದ. ಆಮೇಲೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಬಟನ್ ಪೂರ್ತಿ ತೆಗದ ಐತಲ್ರಿ. ಅಕ್ಕ ಬಂದ್ ಮಾಡಲಿಲ್ಲೇನು? ಆಕಿಗಿ ಎಲ್ಲಾ ಗೊತ್ತಿತ್ತು," ಅಂದ.

ನಾನು ಪೈಪು ಕೆಳಗಿಟ್ಟೆ. ಅವನು ನನ್ನ ಮುಖ ನೋಡಿ, "ನನ್ನ ಕರೀಬೇಕಿತ್ತ್ರಿ," ಅಂದ. ಅಷ್ಟೇ ಅಂದು ಸೈಕಲ್ ಹತ್ತಿದ.

೫ ಫೆಬ್ರುವರಿ, ರವಿವಾರ. ಮಿರಜ

ಮಲಕವ್ವನ ಅಣ್ಣ ಮಾಳಸಿದ್ದ ಬೇಡಕಿಹಾಳದಿಂದ ಟ್ರ್ಯಾಕ್ಟರ್ ತುಂಬ ಮಂದಿ ಕಟ್ಟಿಕೊಂಡು ಬಂದ. ಬಂದವನೇ ನನ್ನ ಅಂಗಿ ಹಿಡಿದ. "ಮಕ್ಕಳ ಆಗಲಿಲ್ಲಂತ ಸುಟ್ರೇನಲೇ ನನ್ನ ತಂಗೀನ? ನಿನ್ನ ಅವ್ವನ ಕೈಗಿ ಬೇಡಿ ಹಾಕಸ್ತೀನಿ!" ಇಡೀ ದವಾಖಾನೆ ಕೇಳಿಸಿಕೊಂಡಿತು. ಗ್ಯಾಸಿನಿಂದ ಆದದ್ದು, ಹಾಲು ಉಕ್ಕಿ ಬೆಂಕಿ ಆರಿತು ಎಂದೆ. "ಆರಿದ ಬೆಂಕಿ ಸುಡತೈತೇನ?" ಎಂದು ಕೇಳಿದ. ಅವನ ಹಿಂದೆ ನಿಂತವರೆಲ್ಲ ಅದನ್ನೇ ಕೇಳಿದರು. ಬೆಂಕಿ ಆರಿದರೂ ಗ್ಯಾಸ್ ಬರುತ್ತಿರುತ್ತದೆ ಎಂದು ನಾಮದೇವ ಹೇಳಿಕೊಟ್ಟದ್ದನ್ನು ನಾನು ಬಿಡಿಸಿ ಹೇಳಬೇಕೆಂದರೆ ನನ್ನ ನಾಲಿಗೆ ಏಳಲಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ ಗೊತ್ತೇ ಇತ್ತು, ಹಂಗಾದ್ರ ಬಂದ್ ಯಾಕ ಮಾಡಲಿಲ್ಲ?

ಪೊಲೀಸ್ ಫೌಜದಾರನೂ ಬಂದಿದ್ದ. ಮದುವೆಯಾಗಿ ಏಳು ವರ್ಷದೊಳಗೆ ಸೊಸೆ ಸುಟ್ಟುಹೋದರೆ ಅತ್ತೆಯನ್ನು ಬಿಡುವುದಿಲ್ಲ, ಕಾಯ್ದೆ ಹಾಗೆ ಇದೆ ಅಂದ. ಅವ್ವನಿಗೆ ಅರವತ್ತೆಂಟು. ಜೈಲಿನಲ್ಲಿ ಒಂದು ವಾರ ಬದುಕುವುದಿಲ್ಲ.

ದಾದಾಸಾಹೇಬರು ನನ್ನನ್ನು ಚಹದಂಗಡಿಗೆ ಕರೆದುಕೊಂಡು ಹೋದರು. ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ ಅನ್ನುತ್ತದೆ ಊರು, ಊರಿನ ಬಾಯಿಗೆ ಏನಾದರೂ ಹಾಕಲೇಬೇಕು ಎಂದು ತಿಳಿಸಿ ಹೇಳಿದರು. "ಪೈಪ್ ಸಡ್ಲ ಕೂಡಿಸಿದ್ದ ಅನ್ನು. ಅಷ್ಟಕ್ಕ ಮುಗೀತು. ಅವಂಗ ಲೈಸನ್ಸೂ ಇಲ್ಲ, ಹಿಂದ ಮಂದೀನೂ ಇಲ್ಲ. ನಾಕ್ ದಿನ ಒಳಗಿಟ್ಟು ಬಿಡ್ತಾರ."

ನಾನು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಕೂತೆ. ನುಂಗಲೂ ಆಗದು, ಉಗುಳಲೂ ಆಗದು.

೬ ಫೆಬ್ರುವರಿ, ಸೋಮವಾರ

ಫೌಜದಾರನ ಮುಂದೆ ಹೇಳಿಕೆ ಕೊಟ್ಟೆ. ಸುಳ್ಳು ಹೇಳಲಿಲ್ಲ. ಪೈಪು ಸಡಿಲ ಇದ್ದಿರಬಹುದು ಎಂದೆ. ಇರಬಹುದು ಎಂದರೆ ಇತ್ತು ಎಂದಲ್ಲ. ಬರೆದುಕೊಂಡವನು ಹೇಗೆ ಬರೆದುಕೊಂಡನೋ ನನಗೆ ಗೊತ್ತಿಲ್ಲ. ಸಹಿ ಮಾಡಿದೆ. ಹೊರಗೆ ಬಂದ ಮೇಲೆ ಮಾಳಸಿದ್ದ ಮೊದಲ ಸಲ ನನ್ನ ಹೆಗಲ ಮೇಲೆ ಕೈ ಇಟ್ಟ. "ಆ ಮಗನ್ನ ಬಿಡೂದುಲ್ಲ ಮಾಮಾ," ಅಂದ. ಯಾವ ಮಗ ಎಂದು ಒಂದು ಗಳಿಗೆ ತಿಳಿಯಲಿಲ್ಲ.

ಸಂಜೆಗೆ ನಾಮದೇವನನ್ನು ಎತ್ತಿಕೊಂಡು ಹೋದರು ಎಂದು ಸುದ್ದಿ ಬಂತು.

೯ ಫೆಬ್ರುವರಿ, ಗುರುವಾರ

ಮುಂಜಾನೆ ಡೇರಿಗೆ ಹೋಗಿದ್ದೆ, ನಾಮದೇವನ ಹೆಂಡತಿ ಸುಂದರಾ ಬಂದು ನಿಂತಳು. ಕಬ್ಬು ಕಡಿಯಲು ಹೋಗುವವಳು, ಕೈಗೆಲ್ಲ ಗರಿ ಕೊಯ್ದ ಗೆರೆಗಳು. ಅತ್ತು ಕರೆದು ಮಾಡಿದ್ದರೆ ಏನಾದರೂ ಸಮಾಧಾನ ಹೇಳಬಹುದಿತ್ತು. ಅವಳು ಅಳಲಿಲ್ಲ. "ಸಾಹೇಬ್ರ, ಅವ್ರನ್ನ ಹೊಡ್ಯಾಕತ್ತಾರ. ಕಾಲ್ ಊರಾಕ ಬರವಲ್ದು. ಸಾಬಣ್ಣೀರ ಹಚ್ಚಿ ನಿಮಗ ತೋರ್ಸಿನಿ ಅಂತಾರ. ತೋರ್ಸಿದ್ರೋ ಇಲ್ಲೋ, ಅಷ್ಟ ಹೇಳ್ರಿ," ಅಂದಳು.

ಹಾಲು ಹಾಕುವವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಮಿರಜದಲ್ಲಿ ಸಾಯಲು ಬಿದ್ದಿದ್ದಾಳೆ, ನೀನು ಸಾಬೂನು ಕೇಳಲು ಬಂದೆಯಾ ಎಂದು ರೇಗಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಹೊರಟು ಹೋದಳು.

ರೇಗಬಾರದಿತ್ತು. ಆದರೆ ಸಾಬೂನಿನ ನೀರು ಹಚ್ಚಿದ್ದೇನೋ ನಿಜ, ಗುಳ್ಳೆ ಬಂತೋ ಇಲ್ಲವೋ ಯಾರು ಅಷ್ಟು ಬಗ್ಗಿ ನೋಡಿದ್ದಾರೆ? ಅವನೇ ನನ್ನನ್ನು ಹಿಂದೆ ಸರಿ ಅಂದಿದ್ದ. ಒಳಗೆ ಬೆಳಕೂ ಇರಲಿಲ್ಲ. ಅಷ್ಟು ಮಾತಾಡುವವರ ಕೈ ಕೆಲಸದ ಮೇಲೆ ಇರುವುದಿಲ್ಲ, ನಾನು ಎಷ್ಟು ಜನರನ್ನು ನೋಡಿಲ್ಲ.

೧೩ ಫೆಬ್ರುವರಿ, ಸೋಮವಾರ. ಮಿರಜ

ಮಲಕವ್ವ ಈಗ ಮಾತಾಡುತ್ತಾಳೆ. ಒಳಗೆ ಬಿಟ್ಟರು. ಮುಖಕ್ಕೆ ಹೆಚ್ಚು ಆಗಿಲ್ಲ, ಹುಬ್ಬು ಸುಟ್ಟಿವೆ ಅಷ್ಟೇ. ಅವಳನ್ನು ನೋಡಿ ನಾನು ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟೆ. ಅವಳೇ, "ಸುಮ್ಕಿರ್ರಿ, ಸುಮ್ಕಿರ್ರಿ," ಅಂದಳು. ನೀರು ಕೇಳಿದಳು. ಚಮಚದಿಂದ ಕುಡಿಸಿದೆ.

ಗುರುವಾರ ತಹಶೀಲ್ದಾರರು ಅವಳ ಹೇಳಿಕೆ ತೆಗೆದುಕೊಳ್ಳಲು ಬರುತ್ತಾರೆ. ಎಲ್ಲ ಅವಳ ಒಂದು ಮಾತಿನ ಮೇಲೆ ನಿಂತಿದೆ. ಅವಳಿಗೆ ಮೆಲ್ಲಗೆ ಎಲ್ಲ ತಿಳಿಸಿ ಹೇಳಿದೆ. ಪೈಪು ಸಡಿಲ ಇತ್ತು, ನಾಮದೇವ ಸರಿಯಾಗಿ ಬಿಗಿದಿರಲಿಲ್ಲ, ಹೀಗೆ ಹೇಳು ಎಂದೆ.

ಅವಳು ಮೇಲೆ ನೋಡುತ್ತ ಮಲಗಿದ್ದಳು. "ಬಟನ್ ಬಂದ್ ಮಾಡಾಕ ಹೋಗಿದ್ನಲ್ರಿ. ನೀವು ಕೈ ಹಿಡದ್ರಿ," ಅಂದಳು.

ಜ್ವರ ಇನ್ನೂ ಇಳಿದಿಲ್ಲ. ಜ್ವರದಲ್ಲಿ ಮನುಷ್ಯರಿಗೆ ಏನೇನೋ ಕಾಣುತ್ತದೆ. ಹಾಗೆ ಹೇಳಿದರೆ ಅವ್ವನ ಗತಿ ಏನು, ನನ್ನ ಗತಿ ಏನು ಎಂದು ಕೇಳಿದೆ. ನಾವಿಬ್ಬರೂ ಒಳಗೆ ಹೋದರೆ ನಿನ್ನನ್ನು ನೋಡಿಕೊಳ್ಳುವವರು ಯಾರು ಎಂದೂ ಕೇಳಿದೆ.

"ನಾಮದೇವಣ್ಣ ಎಲ್ಲದಾನ?" ಅಂದಳು.

ಠಾಣೆಯಲ್ಲಿ ಎಂದೆ. ಅವಳು ಕಣ್ಣು ಮುಚ್ಚಿದಳು. ಕಣ್ಣಿನ ಮೂಲೆಯಿಂದ ನೀರು ಕಿವಿಗೆ ಇಳಿಯಿತು, ಒರೆಸಿದೆ. ಅವನ ಚಿಂತೆ ಇವಳಿಗೆ ಯಾಕೆ? ಅವನಿಂದಲ್ಲವೇ ಇವಳು ಹೀಗೆ ಬಿದ್ದಿರುವುದು?

೧೫ ಫೆಬ್ರುವರಿ, ಬುಧವಾರ. ಮಿರಜ

ಮಧ್ಯಾಹ್ನ ಔಷಧಿ ತಂದು ಒಳಗೆ ಬಂದರೆ ಸುಂದರಾ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಯಾರು ಬಿಟ್ಟರೋ ಒಳಗೆ. ಒದ್ದೆ ಹತ್ತಿಯಿಂದ ಮಲಕವ್ವನ ತುಟಿ ಒರೆಸುತ್ತಿದ್ದಳು. ಇಬ್ಬರೂ ಏನೋ ಮಾತಾಡುತ್ತಿದ್ದವರು ನನ್ನನ್ನು ಕಂಡು ನಿಲ್ಲಿಸಿದರು. ಮಾಳಸಿದ್ದನಿಗೆ ಹೇಳಿ ಹೊರಗೆ ಹಾಕಿಸಿದೆ. ಎಂಥ ಧೈರ್ಯ ನೋಡಿ ಇವರದು, ಗಂಡ ಸುಟ್ಟದ್ದು ಸಾಲದೆ ಹೆಂಡತಿ ಬಂದು ಹೇಳಿಕೆ ತಿರುಗಿಸಲು ನೋಡುತ್ತಾಳೆ.

ಅವಳು ಹೋದ ಮೇಲೆ ಮಲಕವ್ವ ಅಂದಳು, "ನಾಳಿ ನಿಮ್ಮ ಹೆಸರೂ ಹೇಳೂದುಲ್ಲ. ಅತ್ತೀ ಹೆಸರೂ ಹೇಳೂದುಲ್ಲ. ಅವಂದೂ ಹೇಳೂದುಲ್ಲ. ಹೋಗ್ರಿ, ಊಟಾ ಮಾಡ್ರಿ."

ಹಾಗಾದರೆ ಯಾರ ಹೆಸರು ಹೇಳುತ್ತಾಳೆ? ಒಂದೂ ತಿಳಿಯುವುದಿಲ್ಲ. ಹೆದರಿಕೆಯಾಗಿದೆ.

೧೬ ಫೆಬ್ರುವರಿ, ಗುರುವಾರ. ಮಿರಜ

ಮುಗಿಯಿತು. ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ ತಹಶೀಲ್ದಾರರು ಡಾಕ್ಟರ ಮುಂದೆ ಕೇಳಿದರು. ಬಾಗಿಲಿಗೆ ಪರದೆ ಮಾತ್ರ ಇತ್ತು, ಎಲ್ಲ ಕೇಳಿಸಿತು. ಸಾಹೇಬರು ಮರಾಠಿಯವರು, ಅವಳೂ ಮರಾಠಿಯಲ್ಲೇ ಹೇಳಿದಳು. "ಕೋಣಾಚೀ ಚೂಕ ನಾಹೀ." ಯಾರದೂ ತಪ್ಪಿಲ್ಲ. ಅತ್ತೆ ಒಳ್ಳೆಯವರು, ಗಂಡ ಒಳ್ಳೆಯವರು, ಪೈಪು ಬಿಗಿಯಾಗಿತ್ತು, ಕೂಡಿಸಿದವನು ಸರಿಯಾಗಿಯೇ ಕೂಡಿಸಿದ್ದ. ಬೆಂಕಿ ಆರಿದ್ದು ನೋಡಿಯೂ ನಾನೇ ಬಟನ್ ಬಂದ್ ಮಾಡುವುದು ಮರೆತೆ ಅಂದಳು. ಯಾರಾದರೂ ಹೇಳಿಕೊಟ್ಟರೇ ಎಂದು ಸಾಹೇಬರು ಎರಡು ಸಲ ಕೇಳಿದರು. ಇಲ್ಲ ಅಂದಳು. ಕೈ ಬ್ಯಾಂಡೇಜಿನಲ್ಲಿತ್ತು, ಕಾಲಿನ ಹೆಬ್ಬೆರಳು ಒತ್ತಿಸಿಕೊಂಡರು.

ಮಾಳಸಿದ್ದ ಗೋಡೆಗೆ ತಲೆ ಬಡಿದುಕೊಂಡು ಅತ್ತ. "ಮರತ್ಲಂತ ಮಾಮಾ. ಸಣ್ಣಾಕಿದ್ದಾಗಿಂದ ಹಂಗ ಆಕಿ, ಮರವು," ಅಂದ.

ನನ್ನ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಅವ್ವ ಉಳಿದಳು. ಮಲಕವ್ವನ ಹತ್ತಿರ ಹೋಗಿ ನಿಂತೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕರೆದೆ, ತಿರುಗಲಿಲ್ಲ. ದಣಿದಿದ್ದಾಳೆ.

೧೮ ಫೆಬ್ರುವರಿ, ಶನಿವಾರ

ಮುಂಜಾನೆ ಹೋದಳು. ನಾನು ಚಹಕ್ಕೆ ಹೋಗಿದ್ದೆ.

೧೯ ಫೆಬ್ರುವರಿ, ರವಿವಾರ

ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಮನೆಗೆ ಬಂದರೆ ಹಿತ್ತಿಲ ಹಗ್ಗದ ಮೇಲೆ ಅವಳ ಕುಪ್ಪಸ ಇನ್ನೂ ಒಣಗುತ್ತಿತ್ತು. ತೆಗೆಯಲು ಯಾರಿಗೂ ನೆನಪಿಲ್ಲ. ನಾನೇ ತೆಗೆದು ಮಡಚಿ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಮಲಕವ್ವ, ಮಲಕವ್ವ.

೨೫ ಫೆಬ್ರುವರಿ, ಶನಿವಾರ

ನಾಮದೇವನನ್ನು ಬಿಟ್ಟರಂತೆ. ಎಡಗಾಲು ಎಳೆಯುತ್ತಾನಂತೆ. ಫ್ಯಾಕ್ಟರಿ ಕ್ವಾರ್ಟರ್ಸಿನವರು ಇನ್ನು ಅವನನ್ನು ಕರೆಯುವುದಿಲ್ಲ, ಮನೆ ಖಾಲಿ ಮಾಡಿಕೊಂಡು ಇಚಲಕರಂಜಿಗೆ ಹೋಗುವವನಿದ್ದಾನೆ ಎಂದು ಟೆಂಪೋದವನು ಹೇಳಿದ. ಪಾಪ ಅನ್ನಿಸಿತು. ನನಗೆ ಅವನ ಮೇಲೆ ಏನೂ ಸಿಟ್ಟಿಲ್ಲ, ಮನಸ್ಸಿನಲ್ಲಿ ಎಂದೋ ಕ್ಷಮಿಸಿಬಿಟ್ಟಿದ್ದೇನೆ. ಪೈಪಿನ ಮಾತೇನೋ ಪೊಲೀಸರು ಎಬ್ಬಿಸಿದ್ದು. ಆದರೆ ಮೊದಲ ಸಲ ಹಚ್ಚುವಾಗ ತಾನಾಗಿಯೇ ಬಂದು ನಿಲ್ಲಬೇಕಿತ್ತು ಅವನು. ಕೆಲಸ ಅಂದ ಮೇಲೆ ಅಷ್ಟು ಜವಾಬ್ದಾರಿ ಬೇಡವೇ?

೧೧ ಮಾರ್ಚ್, ಶನಿವಾರ

ಊರಿಗೆ ಇನ್ನೂ ಎಂಟು ಮನೆಗೆ ಗ್ಯಾಸ್ ಮಂಜೂರಾಗಿದೆ. ಆದದ್ದು ಕಂಡು ಹೆಂಗಸರು ಹೆದರಿದ್ದಾರೆ, ನೀನೇ ನಾಲ್ಕು ಮಾತು ಹೇಳು ಎಂದು ದಾದಾಸಾಹೇಬರು ಇವತ್ತು ಡೇರಿಯ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿದ್ದರು. ನನ್ನಿಂದಾಗುವುದಿಲ್ಲ ಎಂದೆ. "ನೀ ಹೇಳಿದ್ರ ಮನಸಿಗಿ ನಾಟತೈತಿ," ಅಂದರು.

ಎದ್ದು ನಿಂತೆ. ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ಬೆಂಕಿ ಆರಿದರೆ ಮೊದಲು ಬಟನ್ ಬಂದ್ ಮಾಡಬೇಕು ಎಂದು ಹೇಳಿದೆ. ಕಿಟಕಿ ತೆಗೆಯಬೇಕು, ದೀಪ ಹೊರಗೆ ಒಯ್ಯಬೇಕು, ಗ್ಯಾಸು ಕಣ್ಣಿಗೆ ಕಾಣುವುದಿಲ್ಲ, ನೆಲದ ಮೇಲೆ ಕೂರುತ್ತದೆ ಎಂದು ಎಲ್ಲ ಬಿಡಿಸಿ ಹೇಳಿದೆ. ಒಬ್ಬ ಮುದುಕಿ, "ಇಷ್ಟೆಲ್ಲಾ ಗೊತ್ತಿದ್ದಾಂವ ನಿನ್ನ ಹೇಣ್ತಿಗಿ ಹೇಳಿಕೊಡಬಾರದಿತ್ತೇನೋ ತಮ್ಮಾ?" ಅಂದಳು.

ಎಷ್ಟು ಸಲ ಹೇಳಿದ್ದೆ ಅಜ್ಜಿ, ಅವಳ ತಲೆಗೆ ಹೋಗಲಿಲ್ಲ ಎಂದೆ. ಹೇಳುವಾಗ ನನಗೆ ಅಳು ಉಕ್ಕಿ ಬಂತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೌದು ಹೌದು ಎಂದು ತಲೆ ಆಡಿಸುತ್ತಿದ್ದಳು. ಹೆಂಗಸರೆಲ್ಲ ಅತ್ತರು.